ಬುಧವಾರ ಪೇಠೆಯ ಗಡಿಯಾರದ ಕಾಕಾಗೆ

ಪುಣೆಯ ಬುಧವಾರ ಪೇಠೆಯಲ್ಲಿ ಗಡಿಯಾರ ರಿಪೇರಿ ಮಾಡುವ ಕಾಕಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ.

ನಮ್ಮ ಮಾದರಿ ರೈಲಿನ 1:87 ಅಳತೆಯ (ನಿಜದ 87ನೇ ಒಂದರಷ್ಟು) ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಗಾಲಿಯ ಪ್ರತಿ ಸುತ್ತಿಗೂ ‘ಟಕ್’ ಎಂದು ಕುಂಟುತ್ತಿತ್ತು. ಹಳಿ ಕವಲೊಡೆಯುವಲ್ಲಿ ಕೆಳಗಿಳಿಯುತ್ತಿತ್ತು. ಮರುದಿನವೇ ಮಕ್ಕಳೆದುರು ಪ್ರದರ್ಶನ. ಎರಡು ಸಲ ಹಳಿ ಕಿತ್ತು ಜೋಡಿಸಿಯಾಗಿತ್ತು.

“ಹಳಿ ಬಿಡ್ರಿ, ಗಾಲಿ ತೋರಸ್ರಿ” ಅಂದಿರಿ. ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಡಬ್ಬಿಯ ಮುಚ್ಚಳದೊಳಗೆ ಇಟ್ಟಿರಿ. ಕಣ್ಣಿಗೆ ಮಸೂರ ಸಿಕ್ಕಿಸಿದ ಕೂಡಲೇ ಬಿರುಕು ಸಿಕ್ಕಿತು. ಗಾಲಿಯ ಅಚ್ಚಿನ (ಆಕ್ಸಲ್) ಎರಡು ತುಂಡುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಹಲ್ಲುಗಾಲಿ ವರ್ಷ ಕಳೆದಂತೆ ಕುಗ್ಗುತ್ತದೆ, ಒಳಗಿನ ಉಕ್ಕಿನ ಅಚ್ಚು ಕುಗ್ಗುವುದಿಲ್ಲ, ಹಾಗಾಗಿ ಹಲ್ಲುಗಾಲಿ ಸೀಳುತ್ತದೆ. ಸೀಳಿದಲ್ಲಿ ಹಲ್ಲಿನ ಅಂತರ ಹಿಗ್ಗಿ ‘ಟಕ್’. ಹಿಡಿತ ಸಡಿಲಾಗಿ ಗಾಲಿಗಳು ಹೊರಸರಿದು, ಒಳಮೈಗಳ ನಡುವೆ 14.4 ಮಿ.ಮೀ. ಇರಬೇಕಾದದ್ದು 14.9 ಆಗಿತ್ತು.

ಸೂಪರ್ ಗ್ಲೂ ಹಚ್ಚಬಹುದೇ ಎಂದಾಗ ನಕ್ಕಿರಿ. ಈ ನುಣುಪು ಪ್ಲಾಸ್ಟಿಕ್ಕಿಗೆ ಅದು ಅಂಟದು. ರಂಧ್ರವನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಪುಟ್ಟ ಲೇತ್‌ನಲ್ಲಿ ಎರಡು ಹಿತ್ತಾಳೆ ಉಂಗುರ ಕಡೆದು ಹಲ್ಲುಗಾಲಿಯ ಎರಡೂ ಬದಿಯ ಕೊರಳಿಗೆ ತೊಡಿಸಿದಿರಿ. ಬಿರುಕು ಮುಚ್ಚಿತು. ಹಲ್ಲುಗಾಲಿ ಸರಿಯಾಗಿ ನಡುವೆ ನಿಂತಿತೇ ಎಂದು ಮೂರು ಬಾರಿ ಅಳೆದಿರಿ. ಎಣ್ಣೆ ಸೂಜಿಮೊನೆಯಷ್ಟೇ, ಹೆಚ್ಚಾದರೆ ಗಾಲಿಗಿಳಿದು ಹಳಿಯಿಂದ ಎಂಜಿನ್‌ಗೆ ಬರುವ ಕರೆಂಟು ಕೆಡುತ್ತದೆ.

ಕವಲು ಹಳಿಯ ಮೇಲೆ ಎಂಜಿನ್ ಸದ್ದಿಲ್ಲದೆ ದಾಟಿದಾಗ ಹೋದ ಜೀವ ಬಂದಂತಾಯಿತು. ಹಿತ್ತಾಳೆಯ ರೊಕ್ಕವಷ್ಟೇ ತಗೊಂಡು, “ಹೊಸಾದು ತರಸ್ರಿ, ಇದು ಸದ್ಯಕ್ಕಷ್ಟ” ಅಂದಿರಿ. ತರಿಸಿದ್ದೇವೆ ಕಾಕಾ. ಹಳೆಯದು ಇನ್ನೂ ಓಡುತ್ತಿದೆ.