ಮತ್ತೆ ಆಯುಧ ಹಿಡಿದ ಬಗ್ಗೆ ತಾತನವರಿಗೆ

ಶಾ ಆಲಂ, ಮಲೇಷ್ಯಾ

ಪೂಜ್ಯ ತಾತನವರಿಗೆ ತಮ್ಮ ಮೊಮ್ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ತಮ್ಮ ಮತ್ತು ಅಜ್ಜಿಯವರ ಆರೋಗ್ಯದ ಬಗ್ಗೆ ತಿಳಿಸಬೇಕಾಗಿ ಬೇಡುತ್ತೇನೆ.

ಮಗು ಹುಟ್ಟುವ ಮೊದಲು ನಿಲ್ಲಿಸಿದ್ದ, ಸಿಲಾತ್ ಎಂಬ ಮಲಯ ಸಮರಕಲೆಯ ಅಭ್ಯಾಸವನ್ನು ನಾನು ಮತ್ತೆ ಆರಂಭಿಸಿದ ಸುದ್ದಿಯನ್ನು ಅಮ್ಮ ಹೇಳಿದಾಗ, ಬಾಣಂತನ ಮುಗಿಸಿದ ಮೈಗೆ ಆಯುಧದ ವರಸೆಯನ್ನು ಎಲ್ಲಿಂದ ಶುರುಮಾಡಿಸುತ್ತಾರೆ ಎಂದು ತಾವು ಕೇಳಿದಿರಂತೆ. ಮೈಸೂರಿನ ಗರಡಿಮನೆಯಲ್ಲಿ ಅರ್ಧ ಆಯುಷ್ಯ ಕಳೆದ ತಾವು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡುವುದು ಸರಿಯಲ್ಲವೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಗುರುಗಳು ಮೊದಲು ಕೈಗೆ ಏನನ್ನೂ ಕೊಡಲಿಲ್ಲ. ವೈದ್ಯರ ಒಪ್ಪಿಗೆ ಸಿಕ್ಕಿದೆಯೇ ಎಂದು ವಿಚಾರಿಸಿ, ಗೆಲಂಗಂಗಿನ, ಅಂದರೆ ಅವರ ಕಣದ, ಒಂದು ಬದಿಯಲ್ಲಿ ನನ್ನನ್ನು ನಿಲ್ಲಿಸಿ, ಬರಿಗೈಯಲ್ಲಿ ಲಂಕಾಹ್ ಎಂಬ ಹೆಜ್ಜೆಗಳನ್ನಷ್ಟೇ ಮಾಡಿಸಿದರು. ಸಿಲಾತಿನಲ್ಲಿ ಬರಿಗೈಯ ಹೆಜ್ಜೆಯೂ ಆಯುಧದ ಹೆಜ್ಜೆಯೂ ಬೇರೆ ಬೇರೆಯಲ್ಲ. ಆಯುಧ ಬದಲಾದಂತೆ ಹೆಜ್ಜೆಯ ಅಳತೆ ಬದಲಾಗುತ್ತದೆ, ಅಷ್ಟೆ. ಕಾಲನ್ನು ಹಿಂದಿನಿಂದ ಅಡ್ಡ ಇಟ್ಟು ನೆಲಕ್ಕೆ ಕುಳಿತು, ಕುಳಿತಲ್ಲಿಂದಲೇ ತಿರುಗಿ ಏಳುವ ಸೆಂಪೋಕ್ ಎಂಬ ಭಂಗಿಯನ್ನು ಮಾತ್ರ ಅವರು ಬಹಳ ದಿನ ಮುಂದೂಡಿದರು, ಏಕೆಂದರೆ ಹಾಗೆ ಏಳುವಾಗ ಹೊಟ್ಟೆಯ ಸ್ನಾಯುಗಳ ಮೇಲೂ ಒತ್ತಡ ಬೀಳುತ್ತದೆ, ಹೆರಿಗೆಯ ನಂತರ ಆ ಸ್ನಾಯುಗಳು ಕೂಡಿಕೊಳ್ಳಲು ಕಾಲ ಬೇಕು. ಆ ತಾಳ್ಮೆಗಾಗಿ ನಾನು ಅವರಿಗೆ ಋಣಿಯಾಗಿದ್ದೇನೆ.

ನಂತರ ಮರದ ಪಾರಂಗ್ ಬಂದಿತು. ಇದು ಇಲ್ಲಿನ ತೋಟಗಳಲ್ಲಿ ಗಿಡಗಂಟಿ ಸವರಲು ಬಳಸುವ ಮಚ್ಚಿನ ರೂಪದ ಆಯುಧ. ಅದನ್ನು ಹಿಡಿದ ಮೇಲೆ, ಬಿಡುವಿನ ಕಾಲದಲ್ಲಿ ನಾನು ಕಳೆದುಕೊಂಡದ್ದು ಏನೆಂಬುದು ನನಗೆ ಸ್ಪಷ್ಟವಾಯಿತು. ವರಸೆಗಳ ಕ್ರಮವನ್ನು ಕೈ ಮರೆತಿರಲಿಲ್ಲ; ತೊಡೆಯ ಬಲವೂ ದಿನಕ್ಕಿಷ್ಟು ಎಂದು ಹಿಂದಿರುಗುತ್ತಿತ್ತು; ಆದರೆ ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂಬ ಅರಿವು ಮಂಕಾಗಿತ್ತು. ಪಾರಂಗ್ ಬೀಸಿದಾಗ ಅತಿ ಹೆಚ್ಚು ವೇಗವಿರುವುದು ಅದರ ತುದಿಯಲ್ಲಿ, ಅತಿ ಕಡಿಮೆ ವೇಗವಿರುವುದು ಬೀಸುವವನ ಭುಜದ ಹತ್ತಿರ. ಆದ್ದರಿಂದ ಹಿಂದೆ ಸರಿದು ತಪ್ಪಿಸಿಕೊಳ್ಳುವುದಕ್ಕಿಂತ ಓರೆಯಾಗಿ ಒಳಗೆ ಹೆಜ್ಜೆಯಿಟ್ಟು ಅವನ ಮೇಲ್ತೋಳನ್ನು ತಡೆಯುವುದೇ ಮೇಲು ಎಂದು ಇಲ್ಲಿ ಕಲಿಸುತ್ತಾರೆ. ಮನಸ್ಸು ಇದನ್ನು ಒಪ್ಪುತ್ತದೆ, ಕಾಲು ಮಾತ್ರ ಒಪ್ಪದೆ ಹಿಂದಕ್ಕೇ ಸರಿಯುತ್ತದೆ. ಲೆಂಬಿಂಗ್ ಎಂಬ ಈಟಿಗೆ ಒಂದು ದೂರ, ಪಾರಂಗಿಗೆ ಇನ್ನೊಂದು, ಬೆರಳನ್ನು ಉಂಗುರದೊಳಗೆ ತೂರಿಸಿ ಹಿಡಿಯುವ ಕೆರಂಬಿತ್ ಎಂಬ ಕೊಕ್ಕೆಚೂರಿಗೆ ಮೈಗೆ ಮೈ ತಾಗುವಷ್ಟು ಹತ್ತಿರ. ಇವೆಲ್ಲವನ್ನೂ ನನ್ನ ಕಣ್ಣು ಈಗ ಹೊಸದಾಗಿ ಅಳೆಯಬೇಕಾಗಿದೆ.

ತಾವು ಹಿಂದೊಮ್ಮೆ ಕೇಳಿದ್ದ ಕೆರಿಸ್ ಎಂಬ ಮಲಯ ಕಠಾರಿಯ ಬಗ್ಗೆಯೂ ಬರೆಯುತ್ತೇನೆ. ಅದರ ಅಲಗು ಬುಡದಲ್ಲಿ ಒಂದು ಬದಿಗೆ ಅಗಲವಾಗಿ ಚಾಚಿಕೊಂಡಿರುತ್ತದೆ. ಕೆಲವು ನೇರವಾಗಿರುತ್ತವೆ, ಕೆಲವಕ್ಕೆ ಅಲೆಯಂತಹ ಬಳುಕುಗಳಿರುತ್ತವೆ, ಆ ಬಳುಕುಗಳ ಸಂಖ್ಯೆ ಸಂಪ್ರದಾಯದಂತೆ ಬೆಸವಾಗಿಯೇ ಇರಬೇಕು. ಹಿಡಿ ಓರೆಯಾಗಿ ಬಾಗಿರುವುದರಿಂದ ಅದನ್ನು ಮುಷ್ಟಿಯಲ್ಲಿ ಬಿಗಿಯುವುದಿಲ್ಲ. ಅಂಗೈಯೊಳಗೆ ಇರಿಸಿಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗಿನ ಬುಡವನ್ನೇ ಒತ್ತಿ ಹಿಡಿಯುತ್ತಾರೆ. ಅದು ಕಡಿಯುವ ಆಯುಧವಲ್ಲ, ತಿವಿಯುವ ಆಯುಧ. ಮಣಿಕಟ್ಟು ಮತ್ತು ಮೊಣಕೈ ಒಂದೇ ಗೆರೆಯಲ್ಲಿ ನಿಲ್ಲದಿದ್ದರೆ ತಿವಿತಕ್ಕೆ ಬಲವೇ ಬರುವುದಿಲ್ಲ. ನಾವು ಅಭ್ಯಾಸ ಮಾಡುವುದು ಮರದ ಕೆರಿಸಿನಲ್ಲಿ. ಮನೆತನದಿಂದ ಬಂದ ನಿಜವಾದ ಕೆರಿಸನ್ನು ನಿಂಬೆರಸದಿಂದ ತೊಳೆದು, ಒಣಗಿಸಿ, ಎಣ್ಣೆ ಸವರಿ ಗೌರವದಿಂದ ಇಡುತ್ತಾರೆ. ಆಯುಧ ಪೂಜೆ ಮಾಡುವ ಮನೆಯವರಿಗೆ ಈ ಭಾವವನ್ನು ನಾನು ವಿವರಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತ್ರ ಅಲಗೇ ಇಲ್ಲದ ಚಿಂಡೈ. ಅದೊಂದು ಉದ್ದನೆಯ ಬಟ್ಟೆ. ಹಿಂದೆ ಗುಜರಾತಿನಿಂದ ಹಡಗಿನಲ್ಲಿ ಬರುತ್ತಿದ್ದ ಪಟೋಲಾ ರೇಷ್ಮೆಯನ್ನು ಮಲಯರು ಈ ಹೆಸರಿನಿಂದ ಕರೆಯುತ್ತಿದ್ದರು. ತಿವಿಯಲು ಬಂದ ಕೈಯನ್ನು ಎರಡು ಕೈಗಳ ನಡುವೆ ಬಿಗಿಯಾಗಿ ಎಳೆದ ಬಟ್ಟೆಯಿಂದ ತಡೆದು, ಒಗೆದ ಸೀರೆಯನ್ನು ಹಿಂಡುವಂತೆ ಸುತ್ತಿ ತಿರುಚಿದರೆ ಎದುರಾಳಿ ತಾನಾಗಿ ಬಾಗುತ್ತಾನೆ. ಇಲ್ಲಿ ತೋಳಿನ ಬಲದಿಂದ ಏನೂ ನಡೆಯುವುದಿಲ್ಲ, ಸಮಯ ಒಂದು ಕ್ಷಣ ತಪ್ಪಿದರೂ ಬಟ್ಟೆ ಬರಿಯ ಬಟ್ಟೆಯಾಗಿ ಉಳಿಯುತ್ತದೆ. ದೀರ್ಘ ಬಿಡುವಿನ ನಂತರ ಮರಳಿದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲವೆಂದು ನನ್ನ ಅಭಿಪ್ರಾಯ.

ಅಪಾಯದ ಬಗ್ಗೆ ಅಜ್ಜಿಯವರು ಚಿಂತಿಸಬಾರದು. ಹರಿತವಾದ ಆಯುಧವನ್ನು ಯಾರೂ ಎದುರಾಳಿಯ ಮೇಲೆ ಎತ್ತುವುದಿಲ್ಲ, ಸಕಾರಣವಿಲ್ಲದೆ ಆಯುಧ ಹಿಡಿದು ಸಾರ್ವಜನಿಕ ಸ್ಥಳದಲ್ಲಿ ಓಡಾಡುವುದನ್ನು ಈ ದೇಶದ 1958ರ ಕಾಯ್ದೆಯೇ ನಿಷೇಧಿಸುತ್ತದೆ. 2019ರಲ್ಲಿ ಯುನೆಸ್ಕೊ ಮಲೇಷ್ಯಾದ ಸಿಲಾತನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿಯೂ ಈ ಕಲೆಗೆ ಸ್ಥಾನ ಸಿಕ್ಕಿತು. ಅಲ್ಲಿನ ಕಾದಾಟದ ಸ್ಪರ್ಧೆಯಲ್ಲಿ ಆಯುಧವಿಲ್ಲ. ತುಂಗಲ್ ಎಂಬ ಏಕಾಂಗಿ ಪ್ರದರ್ಶನದಲ್ಲಿ ಮಚ್ಚು ಮತ್ತು ದೊಣ್ಣೆಯ ವರಸೆಗಳೂ ಸೇರಿ 100 ಚಲನೆಗಳನ್ನು 3 ನಿಮಿಷಗಳಲ್ಲಿ ಮುಗಿಸಬೇಕು. ನೋಡಲು ಅದು ಬಹಳ ಸೊಗಸು. ಆದರೂ ಎದುರಿಗೆ ಇನ್ನೊಬ್ಬರಿಲ್ಲದೆ ದೂರದ ಅರಿವು ಬರಲಾರದು, ಜೋಡಿಯಾಗಿ ಆಯುಧ ಕಲಿಸುವ ಹಳೆಯ ಪದ್ಧತಿ ಚಿಕ್ಕ ಗೆಲಂಗಂಗುಗಳಲ್ಲಿ ಉಳಿಯಲೇಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಈಗ ನನ್ನ ಒಂದು ಕೋರಿಕೆ. ನನ್ನ ಮಣಿಕಟ್ಟು ಮತ್ತು ಭುಜಗಳು ಇನ್ನೂ ಬೇಗ ಸೋಲುತ್ತಿವೆ. ಗರಡಿಯ ಗದೆಯನ್ನು ಕುರಿತು ಗುರುಗಳಿಗೆ ಹೇಳಿದಾಗ ಅವರು ಆಸಕ್ತಿಯಿಂದ ಕೇಳಿ, ಮಾಡಿ ನೋಡೋಣ ಎಂದರು. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಎದ್ದು ಬಂದ ಪೈಲ್ವಾನರಿಗೆ ತಾವು ಮೊದಲು ಎಷ್ಟು ತೂಕದ ಗದೆ ಕೊಡುತ್ತಿದ್ದಿರಿ, ದಂಡ ಮತ್ತು ಬೈಠಕ್ಕಿನ ಮೊದಲೋ ನಂತರವೋ ತಿರುಗಿಸಬೇಕು, ತೂಕವನ್ನು ಯಾವಾಗ ಏರಿಸಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿಸಿ ಕಳುಹಿಸಬೇಕು. ಮರವನ್ನು ಇಲ್ಲಿಯೇ ಕಡೆಯಿಸಿಕೊಳ್ಳುತ್ತೇನೆ, ಹಿಡಿಯ ಉದ್ದವೂ ಗೊತ್ತಾದರೆ ಒಳ್ಳೆಯದು.

ಇಂತಿ ತಮ್ಮ ಆಶೀರ್ವಾದ ಬೇಡುವ,
ಮೊಮ್ಮಗಳು