ಅಂಗಡಿ ಹೆಸರುಗಳನ್ನು 'ಶ್ರೀ' ಬಿಟ್ಟು ಜೋಡಿಸಿ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿಯ ವ್ಯಾಪಾರಿಗಳ ಸಂಘವೊಂದು ಈಚೆಗೆ ಊರಿನ ಅಂಗಡಿಗಳ ಫೋನ್ ನಂಬರ್ ಇರುವ ಕೈಪಿಡಿ ತಂದಿದೆ. ನೆಹರೂ ಗಂಜಿನ ಅಡತ್ ಅಂಗಡಿಗಳಿಂದ ಹಿಡಿದು ಸೂಪರ್ ಮಾರ್ಕೆಟ್‌ನಲ್ಲಿ ಹೊಲಿಗೆ ಮಷೀನ್ ರಿಪೇರಿ ಮಾಡುವವರ ತನಕ ಎಲ್ಲರೂ ಅದರಲ್ಲಿದ್ದಾರೆ. ಒಳ್ಳೆಯ ಕೆಲಸ. ಆದರೆ ಹೆಸರುಗಳನ್ನು ಜೋಡಿಸಿದ ರೀತಿ ಸರಿಯಿಲ್ಲ. ಬೇಕಾದ ಅಂಗಡಿ ಸಿಗುವಷ್ಟರಲ್ಲಿ ಸಾಕಾಗುತ್ತದೆ.

ಆಳಂದದ ಕಡೆ ಒಕ್ಕಲುತನ ಮಾಡುವ ನನ್ನ ತಮ್ಮ ಫೋನ್ ಮಾಡಿದ್ದ. ಬೋರಿನ ಮೋಟಾರ್ ಸುಟ್ಟಿತ್ತು. "ಅಕ್ಕಾ, ರೇವಣಸಿದ್ಧೇಶ್ವರ ಅಂತ ಅಂಗಡಿ ಅದಲ್ಲ, ಅವರ ನಂಬರ್ ನೋಡು" ಅಂದ. ನಾನು 'ರ' ಅಕ್ಷರ ತೆಗೆದೆ. ಅದೇ ದೇವರ ಹೆಸರಿನ ಬೇರೆ ಅಂಗಡಿಗಳು ಅಲ್ಲಿದ್ದವು, ಅವನು ಹೇಳಿದ್ದು ಇರಲಿಲ್ಲ. ಕೊನೆಗೆ ಅದು 'ಶ' ಅಕ್ಷರದ ತುದಿಯಲ್ಲಿ ಸಿಕ್ಕಿತು. ಬೋರ್ಡಿನಲ್ಲಿ ಹೆಸರಿನ ಮುಂದೆ 'ಶ್ರೀ' ಇದೆ, ಅದಕ್ಕೇ.

ನಮ್ಮ ಊರಿನಲ್ಲಿ ಇದು ಸಣ್ಣ ತೊಂದರೆ ಅಲ್ಲ. ಶರಣಬಸವೇಶ್ವರ, ಘತ್ತರಗಿಯ ಭಾಗ್ಯವಂತಿ, ಗಾಣಗಾಪುರದ ದತ್ತಾತ್ರೇಯ, ವೀರಭದ್ರೇಶ್ವರ, ಅಂಬಾಭವಾನಿ ಹೀಗೆ ದೇವರ ಹೆಸರಿಲ್ಲದ ಓಣಿಯೇ ಇಲ್ಲ. ಒಬ್ಬರು 'ಶ್ರೀ' ಹಾಕುತ್ತಾರೆ, ಪಕ್ಕದವರು ಹಾಕುವುದಿಲ್ಲ. ಗೋಡೆಗೆ ಗೋಡೆ ಹೊಂದಿದ ಎರಡು ಅಂಗಡಿಗಳು ಕೈಪಿಡಿಯಲ್ಲಿ ಎಷ್ಟೋ ಪುಟ ದೂರ ಹೋಗುತ್ತವೆ. 'ಶ್ರೀ' ಅಡಿಯಲ್ಲೂ ಅಕಾರಾದಿಯಾಗಿಯೇ ಇದೆಯಲ್ಲ ಎಂದು ಕೇಳಬಹುದು. ಇದೆ ನಿಜ. ಆದರೆ ಬೋರ್ಡಿನಲ್ಲಿ 'ಶ್ರೀ' ಇತ್ತೋ ಇಲ್ಲವೋ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಗಂಜಿಗೆ ತೊಗರಿ ತರುವ ರೈತ 'ಭಾಗ್ಯವಂತಿ ಅಂಗಡಿ' ಅಂತಾನೆ. ಅವನು ಹೇಳುವ ಮೊದಲ ಅಕ್ಷರದಲ್ಲೇ ಆ ಅಂಗಡಿ ಸಿಗಬೇಕು, ಅಲ್ವಾ?

ನಾನು ಇಲ್ಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದವಳು. ಲೈಬ್ರರಿಯವರು ಈ ಕಷ್ಟಕ್ಕೆ ಎಂದೋ ದಾರಿ ಮಾಡಿಕೊಂಡಿದ್ದಾರೆ. ಇಂಗ್ಲಿಷ್ ಪುಸ್ತಕದ ಹೆಸರು 'ದಿ', 'ಎ', 'ಆ್ಯನ್' ಎಂದು ಶುರುವಾದರೆ ಪುಸ್ತಕಪಟ್ಟಿಯ ಕಾರ್ಡಿನಲ್ಲಿ ಅದನ್ನು ಬರೆಯುತ್ತಿದ್ದೆವು, ಕಾರ್ಡು ಜೋಡಿಸುವಾಗ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 'ದಿ ಹಿಂದೂ' ಪತ್ರಿಕೆಗೆ ಜಾಗ ಎಚ್ ಅಕ್ಷರದಲ್ಲೇ. ಕಂಪ್ಯೂಟರ್ ಬಂದ ಮೇಲೂ ಈ ಪದ್ಧತಿ ಬಿಡಲಿಲ್ಲ. ಲೈಬ್ರರಿಗಳು ಬಳಸುವ ಮಾರ್ಕ್ 21 ನಮೂನೆಯಲ್ಲಿ ಪುಸ್ತಕದ ಹೆಸರು ಬರೆಯುವ 245ನೇ ಕಲಮಿಗೆ ಒಂದು ಅಂಕಿ ಇರುತ್ತದೆ. ಜೋಡಿಸುವಾಗ ಮೊದಲಿನ ಎಷ್ಟು ಅಕ್ಷರ ಬಿಡಬೇಕು ಎಂದು ಅದು ಹೇಳುತ್ತದೆ. 'ದಿ' ಇದ್ದರೆ ಅಲ್ಲಿ 4 ಎಂದು ಹಾಕುತ್ತಾರೆ: ಇಂಗ್ಲಿಷಿನ ಮೂರು ಅಕ್ಷರ, ಆಮೇಲಿನ ಒಂದು ಖಾಲಿ ಜಾಗ. ಪರದೆಯ ಮೇಲೆ 'ದಿ' ಹಾಗೇ ಕಾಣುತ್ತದೆ. ಓದುಗರ ಸಮಯ ಉಳಿಸಬೇಕು ಎಂದು ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿಟ್ಟರು. ನನ್ನ ನೌಕರಿಯ ಕಾಲವೆಲ್ಲ ಆ ಮಾತನ್ನು ನಂಬಿ ಕೆಲಸ ಮಾಡಿದ್ದೇನೆ. ಅಂಗಡಿ ಹುಡುಕುವವರ ಸಮಯಕ್ಕೂ ಅಷ್ಟೇ ಬೆಲೆ ಇದೆ.

ಈಗ 'ದಿ' ಕೂಡ ಕನ್ನಡದ ಪಟ್ಟಿಗೆ ಬಂದಿದೆ. ಸಹಕಾರಿ ಬ್ಯಾಂಕುಗಳ ಹೆಸರಿನ ಮುಂದೆ ಅದು ಮೊದಲಿನಿಂದಲೂ ಇತ್ತು. ಬೋರ್ಡಿನ ಶೇ 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಇಂಗ್ಲಿಷ್ ಹೆಸರುಗಳು ಕನ್ನಡ ಲಿಪಿಯಲ್ಲಿ ಜಾಸ್ತಿ ಕಾಣುತ್ತಿವೆ. ಅದು ಸಂತೋಷವೇ. ಆದರೆ ಒಬ್ಬರು 'ದಿ' ಎಂದು ಬರೆಸಿದರೆ ಇನ್ನೊಬ್ಬರು 'ದ' ಎಂದು ಬರೆಸುತ್ತಾರೆ. ಅದನ್ನು ಹಿಡಿದು ಜೋಡಿಸಿದರೆ ಪಟ್ಟಿ ಇನ್ನಷ್ಟು ಚೆಲ್ಲಾಪಿಲ್ಲಿ.

'ಅಲ್' ಎಂದು ಶುರುವಾಗುವ ಹೆಸರುಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಬಂದೇ ನವಾಜರ ದರ್ಗಾದ ಊರು ಇದು. ಅರಬಿಯಲ್ಲಿ 'ಅಲ್' ಮಾಡುವ ಕೆಲಸವೂ ಇಂಗ್ಲಿಷಿನ 'ದಿ' ಮಾಡುವ ಕೆಲಸವೇ. ಹೆಸರಿನ ಮೊದಲಿಗೆ ಬಂದರೆ ಲೈಬ್ರರಿಯವರು ಅದನ್ನೂ ಬಿಟ್ಟೇ ಜೋಡಿಸುತ್ತಾರೆ. ಒಂದೇ ಹೆಸರನ್ನು ಒಬ್ಬರು 'ಅಲ್ ನೂರ್' ಎಂದು, ಇನ್ನೊಬ್ಬರು ಬಾಯಲ್ಲಿ ಬರುವ ಹಾಗೆ 'ಅನ್ನೂರ್' ಎಂದು ಬರೆಸಬಹುದು. 'ನ' ಅಕ್ಷರದಲ್ಲಿ 'ನೂರ್' ಎಂದು ಇಟ್ಟರೆ ಎರಡೂ ಒಂದೇ ಕಡೆ ಸಿಗುತ್ತವೆ.

'ಶ್ರೀ' ತೆಗೆದರೆ ದೇವರಿಗೆ ಅಗೌರವ ಎಂದು ಸಂಘದ ಹಿರಿಯರೊಬ್ಬರು ನನಗೆ ಹೇಳಿದರು. ಅವರ ಭಾವನೆ ನನಗೆ ಅರ್ಥವಾಗುತ್ತದೆ, ನಾನೂ ಶರಣಬಸವೇಶ್ವರ ಅಪ್ಪನ ಗುಡಿಗೆ ಹೋಗುವವಳೇ. 'ಶ್ರೀ' ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅದು ಹೆಸರಿನ ಮುಂದೆ ಹಾಗೇ ಅಚ್ಚಾಗಲಿ. ಜೋಡಿಸುವಾಗ ಮಾತ್ರ ಅದರ ಮುಂದಿನ ಪದ ನೋಡಿ. ಎಕ್ಸೆಲ್‌ನಲ್ಲಿ ಪೂರ್ತಿ ಹೆಸರಿನ ಪಕ್ಕ ಇನ್ನೊಂದು ಕಾಲಂ ಮಾಡಿ, ಹುಡುಕುವ ಹೆಸರನ್ನಷ್ಟೇ ಅಲ್ಲಿ ಬರೆಯಿರಿ. ಆ ಕಾಲಂ ಹಿಡಿದು ಜೋಡಿಸಿದರೆ ಮುಗಿಯಿತು. ಅಚ್ಚಿಗೆ ಹೋಗುವುದು ಪೂರ್ತಿ ಹೆಸರೇ.

ಈ ಕಾಲಂ ಅನ್ನು ಮನುಷ್ಯರೇ ತುಂಬಬೇಕು. ಮೊದಲ ಅಕ್ಷರಗಳನ್ನು ಅಳಿಸು ಎಂದು ಕಂಪ್ಯೂಟರಿಗೆ ಸುಮ್ನೆ ಹೇಳಿದರೆ ಶ್ರೀನಿವಾಸ ಹೋಗಿ 'ನಿವಾಸ' ಆಗುತ್ತದೆ, ಶ್ರೀಶೈಲ 'ಶೈಲ' ಆಗುತ್ತದೆ, ಅಲ್ಲಮಪ್ರಭುವಿನ ಹೆಸರೂ ತುಂಡಾಗುತ್ತದೆ. 'ನ್ಯೂ' ಎಂಬುದನ್ನು ಬಿಡಬಾರದು. ಹಳೆಯ ಅಂಗಡಿ ಬೇರೆ, ನ್ಯೂ ಅಂಗಡಿ ಬೇರೆ, ಎಷ್ಟೋ ಸಲ ಮಾಲೀಕರೂ ಬೇರೆ. ಇನ್ನೊಂದು ಮಾತು: ಅಕ್ಷರಗಳಿಗೆ ಕಂಪ್ಯೂಟರಿನಲ್ಲಿರುವ ಸಂಕೇತ ಸಂಖ್ಯೆ ಮಾತ್ರ ನೋಡಿ ಜೋಡಿಸುವ ತಂತ್ರಾಂಶದಲ್ಲಿ 'ಳ' ಅಕ್ಷರ 'ವ'ಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ. ಹಾಗಾಗಿ ಬಸವ ಮೊದಲು, ಬಳ್ಳಾರಿ ಆಮೇಲೆ ಇರಬೇಕಾದಲ್ಲಿ ತಿರುವುಮುರುವಾಗುತ್ತದೆ. ಅಚ್ಚಿಗೆ ಮುನ್ನ ಕನ್ನಡ ಬಲ್ಲವರೊಬ್ಬರು ಕಣ್ಣಾಡಿಸಬೇಕು.

2014ರಲ್ಲಿ ಊರಿನ ಹೆಸರು ಕಲಬುರಗಿ ಎಂದಾದರೂ ಹಳೆಯ ಸಂಸ್ಥೆಗಳು ಇನ್ನೂ 'ಗುಲ್ಬರ್ಗಾ' ಎಂದೇ ಇವೆ. 'ಕ' ಅಕ್ಷರದಲ್ಲಿ "ಗುಲ್ಬರ್ಗಾ ಸಹ ನೋಡಿ" ಎಂಬ ಒಂದು ಸಾಲು ಹಾಕಿದರೆ ಸಾಕು.

ಕೈಪಿಡಿಯ ಎರಡನೇ ಮುದ್ರಣದ ತಯಾರಿ ನಡೆದಿದೆ ಎಂದು ಕೇಳಿದ್ದೇನೆ. ಸಂಘದವರು ಪಟ್ಟಿಯ ಫೈಲ್ ಕೊಟ್ಟರೆ ಹುಡುಕುವ ಹೆಸರಿನ ಕಾಲಂ ಅನ್ನು ನಾನೇ ಕೂತು ತುಂಬಿಕೊಡುತ್ತೇನೆ, ದುಡ್ಡು ಬೇಡ. ಉರ್ದು ಹೆಸರುಗಳಿಗೆ ಮಾತ್ರ ಆ ಭಾಷೆ ಬಲ್ಲ ಒಬ್ಬರು ಜೊತೆಗೆ ಬೇಕು. ನಿಮ್ಮ ಪತ್ರಿಕೆಯ ಮೂಲಕ ಈ ಮಾತು ಅವರಿಗೆ ಮುಟ್ಟಲಿ ಎಂದು ಕೋರುತ್ತೇನೆ.

– ನಿವೃತ್ತ ಗ್ರಂಥಪಾಲಕಿ, ಕಲಬುರಗಿ