ಭಾನುವಾರದ ಮಾತುಕತೆಗೆ ಮುಂಚೆ ಒಂದು ಸೂಚನೆ

ಸ್ನೇಹಿತರೇ, ನಮಸ್ಕಾರ. ಹಿಡಿದ ಮಾದಕ ವಸ್ತು ಎಲ್ಲಿಂದ ಬಂತು ಅಂತ ಲ್ಯಾಬಿನಲ್ಲಿ ಹೇಗೆ ತಿಳಿಯುತ್ತದೆ ಎಂದು ನಿನ್ನೆ ಒಬ್ಬರು ಕೇಳಿದ್ದರು. ಭಾನುವಾರ ಅದನ್ನೇ ಮಾತಾಡೋಣ.

ಶಿವಮೊಗ್ಗದ ಮಂಡಿಯಲ್ಲಿ ಹಳಬರು ಅಡಿಕೆ ನೋಡಿಯೇ ಮಲೆನಾಡಿನದೋ ಬಯಲುಸೀಮೆಯದೋ ಹೇಳುತ್ತಾರೆ ಅಲ್ವಾ? ಇದೂ ಹಾಗೇ, ಕಣ್ಣಿನ ಬದಲು ಯಂತ್ರ. ಹೆರಾಯಿನ್ ಮಾಡುವುದು ಅಫೀಮಿನಿಂದ. ಅಫೀಮಿನಲ್ಲಿ ಸಹಜವಾಗಿ ಇರುವ ನೊಸ್ಕಪೈನ್, ಪಪಾವರಿನ್ ಎಂಬ ರಾಸಾಯನಿಕಗಳು ಹೆರಾಯಿನ್ನಿನಲ್ಲೂ ಚೂರು ಉಳಿದಿರುತ್ತವೆ. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ (ಮಿಶ್ರಣವನ್ನು ಆವಿ ಮಾಡಿ ಒಂದೊಂದೇ ಅಂಶ ಬೇರ್ಪಡಿಸುವ ವಿಧಾನ) ಇವನ್ನು ಅಳೆದರೆ ತಯಾರಿಸಿದ ರೀತಿಯ ಸುಳಿವು ಸಿಗುತ್ತದೆ. ಎರಡು ಕಡೆ ಸಿಕ್ಕ ಮಾಲು ಒಂದೇ ಬ್ಯಾಚಿನದಾ ಅಂತಲೂ ಹೋಲಿಸಬಹುದು. ನನಗೆ ಬಹಳ ಮುಖ್ಯ ಅನಿಸುವುದು ಇದೇ. ಆದರೆ ಬೆರೆಸಿದ ಕೆಫೀನ್, ಪ್ಯಾರಾಸಿಟಮಾಲ್ ನೋಡಿ ಬೆಳೆದ ಜಾಗ ಹೇಳಲಾಗದು. ಅವನ್ನು ದಾರಿಯಲ್ಲಿ ಯಾರು ಬೇಕಾದರೂ ಬೆರೆಸಿರಬಹುದು.

ಗಾಂಜಾ ಸೊಪ್ಪಿನಲ್ಲಿ ಕಾರ್ಬನ್, ನೈಟ್ರೋಜನ್ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಬೇರೆಯಿರುವ ಪರಮಾಣುಗಳ) ಪ್ರಮಾಣ ನೋಡುತ್ತಾರೆ. ನೀರು, ಗೊಬ್ಬರ, ಬಿಸಿಲು ಎಲ್ಲದರ ಗುರುತೂ ಅಲ್ಲಿರುತ್ತದೆ. ಹೋಲಿಸಲು ಊರು ಗೊತ್ತಿರುವ ಮಾದರಿಗಳು ಮಾತ್ರ ಬೇಕೇ ಬೇಕು. ಅವಿಲ್ಲದೆ ಬರೀ ಸಂಖ್ಯೆಯಿಂದ ಊರಿನ ಹೆಸರು ಹುಟ್ಟುವುದಿಲ್ಲ.

ಅದಕ್ಕೇ ಒಂದು ಕೋರಿಕೆ. ‘ಈ ಗಾಂಜಾ ಇಂಥ ಹಳ್ಳಿಯದು’ ಅಂತ ಸುಮ್ನೆ ಬರುವ ಮೆಸೇಜು, ಸಿಕ್ಕಿಬಿದ್ದ ಹುಡುಗರ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ. ಪ್ರಶ್ನೆಗಳಿದ್ದರೆ ಶನಿವಾರ ಸಂಜೆಯೊಳಗೆ ಬರೆಯಿರಿ.